ಸಾಲಿನ ಮುಂದೆ ನಡೆದವಳು

“ಇವತ್ತು ನೀನು ಮುಂದೆ ನಡಿ” ಎಂದು ಗಂಡ ಹೇಳಿದ್ದು ಬೆಟ್ಟದ ಬುಡದ ಚಹಾ ಅಂಗಡಿಯೆದುರು, ಎಲ್ಲರೂ ಬಗ್ಗಿ ಶೂ ದಾರ ಬಿಗಿಯುತ್ತಿದ್ದ ಹೊತ್ತಿನಲ್ಲಿ. ಮನೆಯಲ್ಲಿ ಹೇಳಬಹುದಿತ್ತು, ಬರುವಾಗ ಬಸ್ಸಿನಲ್ಲಾದರೂ ಹೇಳಬಹುದಿತ್ತು. ಹೇಳಿದ ದನಿಯಾದರೂ ಎಂಥದ್ದು! ಮುದುಕಿಯೊಬ್ಬಳಿಗೆ ಸೀಟು ಬಿಟ್ಟುಕೊಟ್ಟು, ಅಕ್ಕಪಕ್ಕದವರು ನೋಡಿದರೇ ಎಂದು ಕಣ್ಣಾಡಿಸುವವನ ದನಿ. ಬಗ್ಗಿದವರು ಯಾರೂ ತಲೆ ಎತ್ತಲಿಲ್ಲ. ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು. ಈ ಭಾನುವಾರದ ಬಳಗದಲ್ಲಿ ಮುಂದೆ ನಡೆಯುವುದೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲಕ್ಕಿಂತ ನಿಧಾನದ ಕಾಲು ಮುಂದೆ, ಎಲ್ಲಕ್ಕಿಂತ ಗಟ್ಟಿ ಕಾಲು ಹಿಂದೆ. ನಿಧಾನದವರನ್ನು ಹಿಂದೆ ಬಿಟ್ಟರೆ ಹಿಂದೆಯೇ ಉಳಿದುಬಿಡುತ್ತಾರೆ, ಮುಂದಿಟ್ಟರೆ ಇಡೀ ಸಾಲು ಅವರ ಹೆಜ್ಜೆಗೆ ಹೊಂದಿಕೊಳ್ಳುತ್ತದೆ. ಇದು ಗಂಡ ಮಾಡಿದ ಕಟ್ಟಳೆ. ಮುಂದಿನವರನ್ನು ಯಾರೂ ದಾಟುವಂತಿಲ್ಲ. ಮುಂದಿನವರು ಸಾಕು ಎಂದರೆ ಎಲ್ಲರಿಗೂ ಸಾಕು, ಅಲ್ಲಿಂದಲೇ ಹಿಂತಿರುಗಬೇಕು. ಕೊನೆಯವನ, ಅಂದರೆ ಗಂಡನ, ಕೊರಳಲ್ಲಿ ಸೀಟಿ. ಹತ್ತಲು ಹೊರಡುವಾಗಲೂ ಇಳಿಯಲು ಹೊರಡುವಾಗಲೂ ಅದು ಕೂಗದೆ ಸಾಲು ಅಲುಗುವಂತಿಲ್ಲ. ಹೊಸಬರು ಬಂದಾಗಲೆಲ್ಲ ಗಂಡ ಎದೆಯುಬ್ಬಿಸಿ ಹೇಳುತ್ತಿದ್ದ: “ನಮ್ಮಲ್ಲಿ ಅಶಕ್ತರದ್ದೇ ಅಧಿಕಾರ.” ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನ ಬಾಯಲ್ಲಿ ಆ ಮಾತು ಚೆಂದವಾಗಿಯೇ ಕೇಳುತ್ತಿತ್ತು. ಆದರೆ ಮುಂದೆ ನಡೆದವರು ಯಾರೂ ಆ ಅಧಿಕಾರ ಚಲಾಯಿಸಿದ್ದನ್ನು ಅವಳು ಕಂಡಿರಲಿಲ್ಲ. ಅವರು ಒಂದೆರಡು ವಾರ ಕತ್ತು ತಗ್ಗಿಸಿ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಆಮೇಲೆ ತಾವಾಗಿಯೇ “ನಾನು ಇಲ್ಲೇ ಕೂತಿರ್ತೀನಿ, ಚೀಲ ನೋಡ್ಕೊಳ್ಳೋಕೂ ಯಾರಾದ್ರೂ ಬೇಕಲ್ಲ” ಎನ್ನುತ್ತಿದ್ದರು. ಕೊನೆಗೆ ಬರುವುದನ್ನೇ ಬಿಡುತ್ತಿದ್ದರು.

ಈಗ ಚೀಲ ನೋಡಿಕೊಳ್ಳುತ್ತಿದ್ದವರು ಸಂಗೀತದ ಟೀಚರ್. ಚಹಾ ಅಂಗಡಿಯ ಉದ್ದ ಬೆಂಚಿನ ಮೇಲೆ, ಎಲ್ಲರ ಚೀಲಗಳ ನಡುವೆ ತಾವೂ ಒಂದು ಚೀಲದ ಹಾಗೆ ಕೂತಿದ್ದರು. ಗಂಡನ ಮಾತು ಅವರ ಕಿವಿಗೂ ಬಿದ್ದಿತ್ತು. ಪಕ್ಕದ ಎರಡು ಚೀಲಗಳನ್ನು ನೆಲಕ್ಕಿಳಿಸಿ, ಒಬ್ಬರು ಕೂರುವಷ್ಟು ಜಾಗ ಮಾಡಿ, ಅಂಗೈಯಿಂದ ಬೆಂಚಿನ ಧೂಳು ಒರೆಸಿದರು.

“ಇನ್ನು ನನಗೂ ಮಾತಿಗೆ ಒಬ್ಬರು ಸಿಕ್ಕಿದ್ರು ಬಿಡಿ. ಇವನು ಚಹಾ ಚೆನ್ನಾಗಿ ಮಾಡ್ತಾನೆ. ಹೊತ್ತು ಹೋಗಿದ್ದೇ ಗೊತ್ತಾಗಲ್ಲ.”

“ನಾನು ಕೂರೋಕೆ ಬಂದಿಲ್ಲ ಟೀಚರ್.”

“ನಾನೂ ಹಾಗೇ ಅಂದಿದ್ದೆ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ?”

ಆ ಮಾತಿನಲ್ಲಿ ಕುಹಕ ಇದ್ದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು, ಒಂದಕ್ಕೆ ಎರಡು ಸೇರಿಸಿ ತಿರುಗಿಸಿ ಕೊಡುತ್ತಿದ್ದಳು. ಇದ್ದದ್ದು ಬರೀ ಅಕ್ಕರೆ. ಹೋದ ವರ್ಷ ಟೀಚರನ್ನು ಮುಂದೆ ನಡೆಸಿದಾಗ ಅವರ ಬೆನ್ನಿಗೆ ಅಂಟಿಕೊಂಡು ನಡೆದವಳು ಇವಳೇ. ತಿರುವಿನಲ್ಲಿ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಇವಳ ಶೂ ಮೂತಿ ಅವರ ಹಿಮ್ಮಡಿಗೆ ತಾಗಿತ್ತು. ಆಕಸ್ಮಿಕವೇ ಇರಬಹುದು, ಎರಡನೇ ಸಲ ತಾಗಿದ್ದು ಆಕಸ್ಮಿಕವಲ್ಲ. “ನಡೀರಿ ಟೀಚರ್, ಬಿಸಿಲು ಏರ್ತಾ ಇದೆ” ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ್ದಳು. ಒಳಗೊಳಗೇ ಹೇಳಿಕೊಂಡದ್ದು ಬೇರೆ: ಸದ್ಯ, ನಾನಲ್ಲ. ಆ ಸುಖದ ರುಚಿ ಈಗ ಬಾಯಿಗೆ ಕಹಿಯಾಗಿ ಮರಳಿತು. ಒರೆಸಿದ ಬೆಂಚಿನ ಕಡೆ ನೋಡಲಾರದೆ ಅವಳು ಸರಸರ ದಾರಿಯ ಬಾಯಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತಳು. ಹಿಂದೆ ಸೀಟಿ ಕೂಗಿತು. ಅವಳು ಹೆಜ್ಜೆ ಕಿತ್ತಿಟ್ಟಳು.

ನಗರದ ಕೊನೆಯ ಬಸ್ಸು ತಿರುಗಿಕೊಂಡು ಹೋಗುವ ವೃತ್ತದ ಹಿಂದೆಯೇ ಬೆಟ್ಟ ಶುರುವಾಗುತ್ತಿತ್ತು. ಮೊದಲು ನೀರಿನ ದಪ್ಪ ಕೊಳವೆಯ ಪಕ್ಕದ ಸಿಮೆಂಟು ಮೆಟ್ಟಿಲು, ಆಮೇಲೆ ಮುಚ್ಚಿಹೋದ ಕಲ್ಲುಗಣಿಯ ಅಂಚು, ಅಲ್ಲಿಂದ ಕುರುಚಲು ಪೊದೆಗಳ ನಡುವೆ ಒಬ್ಬರ ಹಿಂದೊಬ್ಬರು ಮಾತ್ರ ನಡೆಯಬಹುದಾದ ಕಾಲುದಾರಿ. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಇಷ್ಟು ವರ್ಷ ಈ ದಾರಿಯಲ್ಲಿ ಅವಳು ನೋಡಿದ್ದು ಬೆನ್ನುಗಳನ್ನು, ಬೆವರಿನ ನಕ್ಷೆ ಮೂಡಿದ ಅಂಗಿಗಳನ್ನು. ಇಂದು ದಾರಿ ನೇರ ಅವಳ ಕಣ್ಣಿಗೇ ಬರುತ್ತಿತ್ತು. ಅವಮಾನದ ನಡುವೆಯೂ ಅದು ಹಿತವಾಗಿತ್ತು, ಹಿತವಾದದ್ದಕ್ಕೆ ಅವಳಿಗೆ ಸಿಟ್ಟೂ ಬಂತು. ಉಳಿದ ಆರು ದಿನ ಅವಳು ದಂತವೈದ್ಯರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಲ್ಲು ಕಟ್ಟುತ್ತಾಳೆ. ಮೇಲೆ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕೆಳಗೆ ಕಳಿಸಿದರೆ ಅವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ವಸಡು ಕೂರಿಸಿ, ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಮೇಲಿನ ದವಡೆ, ಕೆಳಗಿನ ದವಡೆ. ಮುಖ ಮಾತ್ರ ಎಂದೂ ಕಾಣುವುದಿಲ್ಲ. ಅಲ್ಲಿರುವ ಒಂದೇ ಕಿಟಕಿ ಸೂರಿನ ಬಳಿ, ಹೊರಗಿನ ಕಾಲುಹಾದಿಯ ಮಟ್ಟಕ್ಕಿದೆ. ಅದರಲ್ಲಿ ಕಾಣುವುದು ಹೋಗಿಬರುವವರ ಪಾದಗಳು. ವಾರವಿಡೀ ಪ್ಲಾಸ್ಟರಿನ ಧೂಳು ಕುಡಿದ ಶ್ವಾಸಕೋಶಕ್ಕೆ ಈ ಭಾನುವಾರವೊಂದೇ ಗಾಳಿ. ಇದನ್ನೂ ಕಿತ್ತುಕೊಂಡರೆ ತನಗೆ ಉಳಿಯುವುದು ಬಾಯಿಗಳು ಮತ್ತು ಬೂಟುಗಳು ಎಂದುಕೊಂಡಾಗ ಅವಳಿಗೆ ಅಳುವೇ ಬಂತು, ಆದರೆ ಹತ್ತುವಾಗ ಅತ್ತರೆ ಉಸಿರು ಕೆಡುತ್ತದೆ ಎಂದು ಹಲ್ಲು ಕಚ್ಚಿ ನಡೆದಳು.

ಬೆನ್ನ ಹಿಂದೆಯೇ ಔಷಧಿ ಅಂಗಡಿಯವರು ಇದ್ದರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಬಳಗದವರಿಗೆಲ್ಲ ಗಂಡ ಅಣ್ಣ, ಹಾಗಾಗಿ ಇವಳು ಎಲ್ಲರ ಅತ್ತಿಗೆ.

“ಅತ್ತಿಗೆ, ನಿಮ್ಮ ಹಿಂದೆ ನಡೆದ್ರೆ ಆಯಸ್ಸು ಜಾಸ್ತಿ ಆಗುತ್ತೆ ಕಣ್ರಿ. ತುದಿ ಮುಟ್ಟೋದ್ರೊಳಗೆ ಮೊಮ್ಮಕ್ಕಳನ್ನ ಕಂಡುಬಿಡ್ತೀನಿ.”

ಹಿಂದೆ ನಾಲ್ಕಾರು ಜನ ನಕ್ಕರು. ಗಂಡನ ನಗೆ ಅದರಲ್ಲಿ ಇದೆಯೋ ಇಲ್ಲವೋ ಎಂದು ಅವಳು ಕಿವಿಗೊಟ್ಟಳು, ತಿಳಿಯಲಿಲ್ಲ. ತಾನು ನಿಜಕ್ಕೂ ನಿಧಾನವೇ? ಹೋದ ವಾರ ಕಲ್ಲುಗಣಿಯ ಅಂಚಿನಲ್ಲಿ ನಿಂತದ್ದು ನಿಜ, ಆದರೆ ಅದು ಸುಸ್ತಿಗಲ್ಲ. ಕೆಳಗೆ ಹರಡಿದ್ದ ನಗರದಲ್ಲಿ ತಮ್ಮ ಮನೆಯ ತಾರಸಿಯ ನೀಲಿ ಟ್ಯಾಂಕು ಎಲ್ಲಿದೆ ಎಂದು ಹುಡುಕುತ್ತಿದ್ದಳು. ಅಂಥ ಟ್ಯಾಂಕುಗಳು ಸಾವಿರ ಇದ್ದವು, ತನ್ನದು ಸಿಗಲಿಲ್ಲ, ಸಿಗಲಿಲ್ಲವಲ್ಲ ಎಂದು ಖುಷಿಯಾಗಿತ್ತು. ಅದನ್ನು ಗಂಡ ಹಿಂದಿನಿಂದ ನೋಡಿ ಏನೆಂದು ಲೆಕ್ಕ ಹಾಕಿದನೋ. ಮತ್ತೆ ಇಳಿಯುವಾಗ? ಇಳಿಯುವಾಗ ನಿಧಾನ, ಹೌದು, ಈ ಆರೇಳು ತಿಂಗಳಿಂದ ಅವಳು ಇಳಿಯುವಾಗ ನಿಧಾನ. ಯಾಕೆಂದು ಬಲ್ಲವರು ಜಗತ್ತಿನಲ್ಲಿ ಇಬ್ಬರೇ ಎಂದು ಅವಳು ನಂಬಿದ್ದಳು. ಗಂಡನ ಬಲಮಂಡಿ ಹೋಗಿತ್ತು. ಹತ್ತುವಾಗ ಏನೂ ಇಲ್ಲ, ಹುಲಿಯ ಹಾಗೆ ಹತ್ತುತ್ತಾನೆ. ಇಳಿಯುವಾಗ ಮಾತ್ರ ಏಡಿಯ ಹಾಗೆ ಅಡ್ಡಡ್ಡ, ಒಂದು ಕೈ ಬಂಡೆಗೆ ಆನಿಸಿ. ತುದಿಯಿಂದ ಇಳಿಯುವಾಗಲೂ ಅವನೇ ಕೊನೆ, ಸಾಲಿನ ಕೊನೆಯಲ್ಲಿದ್ದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೂ ಅವನು ತೀರ ಹಿಂದೆ ಬಿದ್ದರೆ ನೋಡಿಯಾರು ಎಂದು ಅವಳು ಅವನ ಮುಂದಿನ ಜಾಗ ಹಿಡಿದು, ಬೇಕೆಂದೇ ಹೆಜ್ಜೆ ಸಣ್ಣದು ಮಾಡಿ, ಆಗಾಗ ಕೂತು ಶೂ ಕೊಡವಿ, “ಅಯ್ಯೋ ನನ್ನ ಕಾಲೇ” ಎಂದು ನರಳಿ ತೋರಿಸಿ, ಅವನ ಏಡಿ ನಡಿಗೆಗೆ ತನ್ನ ಸೋಮಾರಿ ನಡಿಗೆಯ ಮರೆ ಕಟ್ಟಿದ್ದಳು. ಸಂಜೆ ಬಚ್ಚಲಲ್ಲಿ ಅವನು ಬಾಗಿಲು ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುವ ವಾಸನೆ ಬಂದರೆ ಮೂಗಿಲ್ಲದವಳ ಹಾಗೆ ಇರುತ್ತಿದ್ದಳು. ಆ ಎಣ್ಣೆ ತಂದಿಟ್ಟವಳೂ ಅವಳೇ. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹಾಗಾದರೆ ಅವನು ತಿಳಿದೇ ಮಾಡಿದನೇ? ಅವಳ ಕಾಲು ತಟಕ್ಕನೆ ನಿಂತಿತು. ಔಷಧಿ ಅಂಗಡಿಯವರ ಶೂ ಬಂದು ಅವಳ ಹಿಮ್ಮಡಿಗೆ ತಾಗಿತು.

“ಅಯ್ಯೋ, ತಪ್ಪಾಯ್ತು ಅತ್ತಿಗೆ.”

“ಇನ್ನೊಂದ್ಸಲ ತಾಗಿದ್ರೆ ತಪ್ಪು ಅನ್ನಲ್ಲ ನಾನು” ಎಂದಳು, ತಿರುಗದೆ. ಆ ಮಾತು ಅವರಿಗೆ ಹೇಳಿದ್ದೋ, ಹೋದ ವರ್ಷ ಟೀಚರ ಹಿಂದೆ ನಡೆದವಳಿಗೆ ಹೇಳಿದ್ದೋ ಅವಳಿಗೇ ಸ್ಪಷ್ಟವಿರಲಿಲ್ಲ. ಔಷಧಿ ಅಂಗಡಿಯವರು ಒಂದು ಮಾರು ಹಿಂದೆ ಸರಿದರು. ತಿಳಿದೇ ಮಾಡಿದ್ದರೆ ಅವನು ಕಟುಕ. ತಿಳಿಯದೆ ಮಾಡಿದ್ದರೆ, ಅಂದರೆ ಇಷ್ಟು ತಿಂಗಳು ಅವಳು ಹಿಡಿದ ಮರೆಯನ್ನೇ ಅವನು ಅವಳ ಕಾಲಿನ ಸೋಲು ಎಂದು ನಂಬಿದ್ದರೆ, ಅವನು ಕಟುಕನಿಗಿಂತ ಕಡೆ. ಎರಡರಲ್ಲಿ ಯಾವುದು ಎಂದು ತೂಗುತ್ತ ಹತ್ತಿದಳು. ವಿಚಿತ್ರವೆಂದರೆ ಉಸಿರು ಸಲೀಸಾಗಿತ್ತು. ತನ್ನ ಹೆಜ್ಜೆ ತನ್ನದೇ ಆದಾಗ ಬೆಟ್ಟ ಇಷ್ಟು ಹಗುರವೇ ಎಂದುಕೊಂಡಳು. ಬೇಕೆಂದರೆ ಇನ್ನೂ ಬಿರುಸಾಗಿ ನಡೆದು ಹಿಂದಿನವರ ನಾಲಿಗೆ ಹೊರಬೀಳಿಸಬಹುದಿತ್ತು. ಆ ಆಸೆ ಮೀನಖಂಡಕ್ಕೆ ಬಂದು ಕಚಗುಳಿಯಿಟ್ಟಿತು. ಆದರೆ ಬಿರುಸಾಗಿ ನಡೆದರೆ ಅದೊಂದು ಪರೀಕ್ಷೆಗೆ ಉತ್ತರ ಬರೆದ ಹಾಗೆ, ಅವನು ಮೇಷ್ಟ್ರು, ಅವಳು ಹುಡುಗಿ. ಅವಳು ಬರೆಯಲಿಲ್ಲ. ನಿಲ್ಲಬೇಕೆನಿಸಿದಲ್ಲಿ ನಿಂತಳು. ಬಂಡೆಯ ಬಿರುಕಿನಲ್ಲಿ ಬೇರೂರಿದ್ದ ಗಿಡವೊಂದನ್ನು, ಯಾವ ಕೆಲಸವೂ ಇಲ್ಲದವಳ ಹಾಗೆ, ನೋಡಿದಳು. ಅವಳು ನಿಂತಲ್ಲಿ ಇಡೀ ಸಾಲು ನಿಂತಿತು.

ಕಾಲುದಾರಿ ಕೊಂಚ ಅಗಲವಾದ ಕಡೆ ಹಿಂದಿನಿಂದ ಟೈಪಿಸ್ಟ್ ಹುಡುಗಿ ಮುಂದೆ ಬಂದಳು. ಬಳಗದಲ್ಲೇ ಚುರುಕು ಕಾಲಿನವಳು, ನಿಂತಲ್ಲಿ ನಿಲ್ಲದವಳು.

“ಆಂಟಿ, ನಾನು ಸ್ವಲ್ಪ ಮುಂದೆ ಹೋಗಿರ್ಲಾ? ಮೇಲೆ ಕಾಯ್ತಾ ಇರ್ತೀನಿ.”

“ಮುಂದಿನವರನ್ನ ದಾಟೋ ಹಾಗಿಲ್ಲ ಅಲ್ವಾ?”

“ಅದು ರೂಲು... ಆದ್ರೂ...”

“ರೂಲು ಮಾಡಿದವರು ಹಿಂದೆ ಬರ್ತಾ ಇದ್ದಾರೆ. ಅವರನ್ನ ಕೇಳ್ಕೊಂಡು ಬಾ.”

ಹುಡುಗಿ ಹೋಗಲಿಲ್ಲ. ಮುಖ ಸಪ್ಪೆ ಮಾಡಿಕೊಂಡು ಸಾಲಿಗೆ ಸೇರಿದಳು. ಗೊಣಗಾಟ ಹಿಂದಿನಿಂದ ಒಬ್ಬರಿಂದೊಬ್ಬರಿಗೆ ದಾಟಿಕೊಂಡು ಬರುತ್ತಿತ್ತು; ಫೋಟೋ, ಮೋಡ, ಹಿಂದಿರುಗುವ ಬಸ್ಸು. ಅವಳಿಗೆ ನಾಚಿಕೆಯಾಗಲಿಲ್ಲ. ನಾಚಿಕೆಯಾಗಬೇಕಿತ್ತಲ್ಲ ಎಂದು ಒಳಗೆ ತಡಕಿ ನೋಡಿದಳು, ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡವರು ಎಲ್ಲಿ ಚುಚ್ಚುತ್ತದೆ ಎಂದು ನಾಲಿಗೆಯಿಂದ ತಡಕುವ ಹಾಗೆ. ಎಲ್ಲೂ ಚುಚ್ಚಲಿಲ್ಲ.

ತುದಿಗೆ ಕಲ್ಲೆಸೆಯುವಷ್ಟು ದೂರದಲ್ಲಿ ದಾರಿ ಬಂಡೆಯ ಮಗ್ಗುಲಿಗೆ ಅಂಟಿಕೊಳ್ಳುತ್ತಿತ್ತು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕಬ್ಬಿಣದ ಸರಪಳಿ, ಅದರಾಚೆ ಗಾಳಿ. ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದು. ಅದರ ಕೊನೆಯಲ್ಲಿ, ತುದಿಗೆ ಹತ್ತುವ ಕೊರೆದ ಮೆಟ್ಟಿಲುಗಳ ಪಕ್ಕ, ಬಂಡೆಯಲ್ಲೊಂದು ಗೂಡು, ಒಬ್ಬರು ಕೂರಬಹುದು. ಮೇಲೆ, ಪ್ರತಿ ಭಾನುವಾರ ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವ ಕಬ್ಬಿಣದ ಕಂಬ ಕಾಣುತ್ತಿತ್ತು. ಆಚೆ ಬದಿಯಿಂದ ಮೋಡ ಏರುತ್ತಿತ್ತು. ಅವಳು ಗೂಡಿನ ಮುಂದೆ ಬಂದು, ಸರಪಳಿ ಹಿಡಿದು, ಒಂದು ಗುಟುಕು ನೀರು ಕುಡಿದಳು. ಅಷ್ಟೇ. ಒಂದು ಗುಟುಕು ನೀರು.

ಹಿಂದಿನಿಂದ, ತಿರುವಿನಾಚೆಯಿಂದ, ಮೈದಾನಕ್ಕೆಲ್ಲ ಕೇಳುವಂತೆ ಪಳಗಿದ ಆ ದನಿ ಬಂತು:

“ಅವಳಿಗೆ ಸುಸ್ತಾಗಿದೆ! ಅಲ್ಲೇ ಗೂಡಲ್ಲಿ ಕೂರಿಸಿ! ಮೋಡ ಕವಿಯೋದ್ರೊಳಗೆ ನೀವೆಲ್ಲ ದಾಟ್ಕೊಂಡು ಹೋಗಿ ಫೋಟೋ ತೆಗೆಸ್ಕೊಂಡು ಬನ್ನಿ! ಬಾಟ್ಲಿ ಗೀಟ್ಲಿ ಅವಳ ಹತ್ರ ಇಟ್ಟಿರಿ!”

ಔಷಧಿ ಅಂಗಡಿಯವರು ಆಗಲೇ ಹೆಗಲಿನಿಂದ ಬಾಟಲಿ ಬಿಚ್ಚಿ ಚಾಚಿದ್ದರು. ಬೇಡವೆಂದರೂ ಕೈ ಚಾಚುವ ಅಭ್ಯಾಸ ಅವಳ ಕೈಗಳಿಗೆ ಎಷ್ಟು ವರ್ಷದ್ದು! ಯಾರ ಬಟ್ಟೆ, ಯಾರ ಚೀಲ, ಯಾರ ಮಂಡಿಯ ಗುಟ್ಟು, ಚಾಚಿದಲ್ಲೆಲ್ಲ ಹಿಡಿದುಕೊಂಡ ಕೈಗಳು. ಕೈ ಅರ್ಧ ಮೇಲೆದ್ದಿತ್ತು. ಗೂಡಿನಲ್ಲಿ ಯಾರೋ ಧೂಳು ಒರೆಸಿ ಜಾಗ ಮಾಡಿಟ್ಟ ಹಾಗೆ ಅವಳಿಗೆ ಕಂಡಿತು. ಅವಳು ಎದ್ದ ಕೈಯನ್ನು ಸರಪಳಿಯ ಮೇಲೆ ಇಟ್ಟಳು. ದಾರಿಗೆ ಅಡ್ಡವಾಗಿ ನಿಂತು, ಮೊದಲ ಬಾರಿಗೆ ಸಾಲಿನ ಕಡೆ ತಿರುಗಿದಳು. ಬಂಡೆಗೆ ಬೆನ್ನು ಕೊಟ್ಟು ನಿಂತ ಮುಖಗಳು ಒಂದರ ಪಕ್ಕ ಒಂದು, ಕೆಲವು ಮುಂದಕ್ಕೆ ಬಾಗಿ, ಕೆಲವು ಓರೆಯಾಗಿ, ಮೇಣದಲ್ಲಿ ಇನ್ನೂ ಸರಿಯಾಗಿ ಕೂರದ ಹಲ್ಲುಗಳು.

“ಸಾಕು” ಎಂದಳು.

“ಏನಂದ್ರಿ?” ಎಂದರು ಔಷಧಿ ಅಂಗಡಿಯವರು, ಬಾಟಲಿ ಹಿಡಿದೇ.

“ಸಾಕು ಅಂದೆ. ಮುಂದಿನವರು ಸಾಕು ಅಂದ್ರೆ ಎಲ್ಲರಿಗೂ ಸಾಕು. ತಿರುಗಿ.”

“ಅತ್ತಿಗೆ, ತಮಾಷೆ ಮಾಡಬೇಡಿ. ಅಗೋ ತುದಿ, ಕಾಣ್ತಾ ಇದೆ.”

“ಕಾಣ್ತಾ ಇದೆ. ನನಗೇನೂ ಕಣ್ಣು ಹೋಗಿಲ್ಲ, ಕಾಲೂ ಹೋಗಿಲ್ಲ.”

“ಮತ್ತೆ ಸಾಕು ಯಾಕೆ?”

“ಯಾಕೆ ಅಂತ ಹೇಳಬೇಕು ಅನ್ನೋ ರೂಲಿಲ್ಲ.”

ಮಾತು ಸಾಲಿನುದ್ದಕ್ಕೂ ಹಿಂದಕ್ಕೆ ಹೋಯಿತು. ಸಾಕಂತೆ, ಅತ್ತಿಗೆ ಸಾಕಂದ್ರಂತೆ, ತಿರುಗಬೇಕಂತೆ. ಅದು ಕೊನೆ ಮುಟ್ಟಿದ್ದು ದನಿಯಿಂದ ತಿಳಿಯಿತು.

“ಏನೇ ಇದು ನಿಂದು! ಜನದ ಮುಂದೆ!”

“ಜನದ ಮುಂದೆಯೇ ನಡಿ ಅಂದಿದ್ದು ನೀವು!” ಅವಳ ದನಿಗೆ ಮೈದಾನದ ಅಭ್ಯಾಸವಿರಲಿಲ್ಲ, ಆದರೂ ಬಂಡೆ ಅದನ್ನು ತಿರುವಿನಾಚೆಗೆ ದಾಟಿಸಿತು. “ಅಶಕ್ತರದ್ದೇ ಅಧಿಕಾರ ಅಂದ್ರಲ್ಲ ರೀ, ಅದು ಬೆಂಚಿನ ಮೇಲೆ ಕೂರೋವರೆಗೆ ಮಾತ್ರನಾ? ಸುಳ್ಳಾದ್ರೆ ಸುಳ್ಳು ಅಂತ ಈಗಲೇ ಹೇಳಿ. ಎಲ್ಲರೂ ನನ್ನ ದಾಟ್ಕೊಂಡು ಹೋಗಲಿ, ನಾನು ಗೂಡಲ್ಲಿ ಕೂರ್ತೀನಿ.”

ಗಾಳಿ ಸರಪಳಿಯನ್ನು ಅಲ್ಲಾಡಿಸಿತು. ಅವನು ಸುಳ್ಳು ಎನ್ನಲಾರ, ಅವಳಿಗೆ ಗೊತ್ತಿತ್ತು. ಆದರೂ ಅಂದುಬಿಟ್ಟರೆ? ಅಂದುಬಿಟ್ಟರೆ ಇದು ಕೊನೆಯ ಭಾನುವಾರ. ಅವನ ದನಿ ಬರುವ ಮೊದಲೇ ಟೈಪಿಸ್ಟ್ ಹುಡುಗಿ ಕಿಸಕ್ಕನೆ ನಕ್ಕಳು. ಯಾರನ್ನು ಕಂಡು ನಕ್ಕಳೋ. ನಕ್ಕವಳೇ ಬಂಡೆಗೆ ಎದೆ ಆನಿಸಿ, ಕಾಲು ಬದಲಿಸಿ, ಹಿಂದಕ್ಕೆ ತಿರುಗಿ ನಿಂತಳು. ಅವಳ ಪಕ್ಕದವರು ತಿರುಗಿದರು. ಔಷಧಿ ಅಂಗಡಿಯವರು ಬಾಟಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ರೂಲು ಅಂದ್ಮೇಲೆ ರೂಲು ಬಿಡಿ, ನನಗಂತೂ ಹಸಿವು” ಎನ್ನುತ್ತ ಹೊಟ್ಟೆಯನ್ನು ಜೋಪಾನವಾಗಿ ತಿರುಗಿಸಿಕೊಂಡರು. ಈಗ ಅವಳಿಗೆ ಮತ್ತೆ ಬೆನ್ನುಗಳು ಕಾಣತೊಡಗಿದವು. ಸಾಲು ತಿರುಗಿದ್ದರಿಂದ ಅವಳು ಕೊನೆಯವಳಾಗಿದ್ದಳು. ಮೊದಲಿಗ ಯಾರೆಂದು ಎಲ್ಲರಿಗಿಂತ ಮೊದಲು ಹೊಳೆದದ್ದು ಅವಳಿಗೇ. ಇಳಿಯುವ ಸಾಲಿನ ಮುಂದೆ ಇನ್ನು ನಡೆಯಬೇಕಾದವನು ಗಂಡ. ಇದನ್ನು ತಾನು ಮೊದಲೇ ಎಣಿಸಿದ್ದೆನೇ? ಇಲ್ಲ, ಆಣೆಗೂ ಇಲ್ಲ. ಆದರೆ ತಪ್ಪಿಸಲು ಈಗ ಮನಸ್ಸೂ ಇರಲಿಲ್ಲ.

“ಸೀಟಿ ಕಳಿಸಿ” ಎಂದಳು. “ಸೀಟಿ ಕೊನೆಯವರ ಹತ್ರ ಇರಬೇಕು.”

ಸೀಟಿ ಬರಲು ತಡವಾಯಿತು. ಆ ತಡದಲ್ಲಿ ಅವನು ಕೊರಳಿನಿಂದ ದಾರ ಬಿಚ್ಚುತ್ತಿರುವುದನ್ನು, ಟೋಪಿಗೆ ಸಿಕ್ಕಿಕೊಂಡದ್ದನ್ನು, ಬಿಡಿಸಿಕೊಳ್ಳುವುದನ್ನು ಅವಳು ಕಾಣದೆಯೇ ಕಂಡಳು. ಆಮೇಲೆ ಅದು ಕೈಯಿಂದ ಕೈಗೆ ಬಂತು, ತಿರುವು ದಾಟಿ, ಬೆನ್ನುಗಳನ್ನು ದಾಟಿ, ಔಷಧಿ ಅಂಗಡಿಯವರ ದಪ್ಪ ಬೆರಳುಗಳಿಂದ ಅವಳ ಅಂಗೈಗೆ. ಇನ್ನೂ ಬೆಚ್ಚಗಿತ್ತು. ಕಚ್ಚಿ ಕಚ್ಚಿ ಸವೆದ ಅದರ ಮೂತಿಯಲ್ಲಿ ಅವನ ಮುಂದಿನ ಹಲ್ಲುಗಳ ಗುರುತಿತ್ತು. ಆ ಹಲ್ಲುಗಳನ್ನು ಕಟ್ಟಿದವಳೂ ಅವಳೇ. ಬಟ್ಟೆಯ ಅಂಚಿನಿಂದ ಒರೆಸಿದಳು. ಊದಲಿಲ್ಲ. ಸೀಟಿ ಆಗದೆ ಸಾಲು ಅಲುಗುವಂತಿಲ್ಲ, ಅಲುಗಲಿಲ್ಲ. ಕೊನೆಯವರು ಎಲ್ಲಿ ನಿಂತು ಊದಬೇಕು ಎಂದು ಯಾವ ರೂಲಿನಲ್ಲೂ ಇರಲಿಲ್ಲ. ಅವಳು ತಿರುಗಿ, ಗೂಡನ್ನು ದಾಟಿ, ಕೊರೆದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ತುದಿಗೆ ಹೋದಳು.

ಅಲ್ಲಿ ಯಾರೂ ಇರಲಿಲ್ಲ. ತುಕ್ಕು ಹಿಡಿದ ಕಂಬ, ಯಾರೋ ಬಿಟ್ಟುಹೋದ ಕಿತ್ತಳೆ ಸಿಪ್ಪೆ, ಗಾಳಿ. ಒಂದು ಕಡೆ ಬೆಟ್ಟಗಳ ಸಾಲು ಕೆಳದವಡೆಯ ಹಾಗೆ ಬಾಗಿ ಹೋಗಿತ್ತು, ಇನ್ನೊಂದು ಕಡೆ ನಗರ. ಅದರಲ್ಲೆಲ್ಲೋ ಅವಳ ನೀಲಿ ಟ್ಯಾಂಕು, ಅವಳ ನೆಲಮಾಳಿಗೆಯ ಕಿಟಕಿ, ಬುಡದಲ್ಲಿ ಬೆಂಚಿನ ಮೇಲೆ ಟೀಚರ್. ಹಿಂದಿನ ಭಾನುವಾರಗಳಲ್ಲಿ ಇಲ್ಲಿ ಅವಳು ನೋಡಿದ್ದು ಫೋಟೋ ತೆಗೆಯುವವನ ಕೈಯನ್ನು ಮಾತ್ರ. ಮುಂದಿನ ವಾರ ಟೀಚರನ್ನು ಏಳಿಸಬೇಕು. ಏಳಲಾರೆ ಎಂದರೆ ಟೀಚರ್ ಎಲ್ಲಿಯವರೆಗೆ ನಡೆಯಬಲ್ಲರೋ ಅಲ್ಲಿಗೆ ಎಲ್ಲರಿಗೂ ಸಾಕು. ಅದು ನೀರಿನ ಕೊಳವೆಯ ಮೊದಲ ಮೆಟ್ಟಿಲೇ ಆದರೂ ಸರಿ. ಟೀಚರ್ ತನಗೆ ಬೈದರೆ ಬೈಯಲಿ, ಬೈಸಿಕೊಳ್ಳುವುದು ಬಾಕಿ ಇದೆ. ಹೀಗೆಲ್ಲ ಅಂದುಕೊಳ್ಳುತ್ತ ಮೋಡ ಬಂದು ನಗರವನ್ನು ಮುಚ್ಚುವವರೆಗೂ ನಿಂತಳು. ಅವಸರ ಅವಳದಾಗಿರಲಿಲ್ಲ.

ದಾರಿಯ ಮೇಲೆ ಮೋಡ ಇನ್ನೂ ಇಳಿದಿರಲಿಲ್ಲ. ತುದಿಯ ಅಂಚಿಗೆ ಬಂದು ಕೆಳಗೆ ನೋಡಿದರೆ ಇಡೀ ಸಾಲು ಕಾಣುತ್ತಿತ್ತು, ತಿರುವಿನ ಆಚೆಯ ಭಾಗವೂ. ಎಲ್ಲರೂ ಅವಳಿಗೆ ಬೆನ್ನು ಹಾಕಿ ಇಳಿಜಾರಿನ ಕಡೆ ಮುಖ ಮಾಡಿದ್ದರು. ಎಲ್ಲರ ಮುಂದೆ ಗಂಡನ ಹಳದಿ ಟೋಪಿ. ಅದರ ಮುಂದೆ ಯಾರ ಬೆನ್ನೂ ಇಲ್ಲ, ಸೋಮಾರಿ ನಡಿಗೆಯ ಯಾವ ಮರೆಯೂ ಇಲ್ಲ, ಬರೀ ದಾರಿ. ಪಾಪ ಅನಿಸಿತು, ಸುಳ್ಳೇಕೆ, ಅನಿಸಿತು. ಒಂದು ಮಾತು ಕೂಗಿದರೆ ಸಾಕಿತ್ತು, ಬನ್ನಿ, ಎಲ್ಲರೂ ಮೇಲೆ ಬನ್ನಿ, ತಮಾಷೆ ಮಾಡಿದೆ ಎಂದು. ಕೂಗಿದರೆ ಸಂಜೆ ಬಚ್ಚಲಿನ ಬಾಗಿಲು ಮತ್ತೆ ಮುಚ್ಚುತ್ತದೆ, ಅವಳು ಮತ್ತೆ ಮೂಗಿಲ್ಲದವಳಾಗುತ್ತಾಳೆ. ಸೀಟಿಯನ್ನು ತುಟಿಗಿಟ್ಟು, ಅವನ ಹಲ್ಲುಗಳ ಗುರುತಿನ ಮೇಲೆ ತನ್ನ ಹಲ್ಲುಗಳನ್ನಿಟ್ಟು, ಊದಿದಳು. ಎಷ್ಟು ಉಸಿರಿತ್ತು ತನ್ನಲ್ಲಿ ಎಂದು ಅವಳಿಗೇ ಬೆರಗಾಯಿತು.

ಸಾಲು ಕದಲಲಿಲ್ಲ. ಮುಂದಿನವನು ಹೆಜ್ಜೆ ಎತ್ತಿರಲಿಲ್ಲ.

ಮತ್ತೆ ಊದಿದಳು, ಮೊದಲಿಗಿಂತ ಉದ್ದವಾಗಿ. ಹಳದಿ ಟೋಪಿ ಒಮ್ಮೆ ಹಿಂದಕ್ಕೆ ತಿರುಗಿ ಮೇಲೆ ನೋಡಿತು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಅವಳು ಕೈಯೆತ್ತಲೂ ಇಲ್ಲ, ಪಕ್ಕಕ್ಕೆ ಸರಿಯಲೂ ಇಲ್ಲ. ಆಮೇಲೆ ಅವನು ಒಂದು ಕೈ ಬಂಡೆಗೆ ಆನಿಸಿ, ಎಲ್ಲರೂ ನೋಡುತ್ತಿರುವಂತೆ, ಮೊದಲ ಹೆಜ್ಜೆಯನ್ನು ಅಡ್ಡವಾಗಿ ಇಟ್ಟ. ತಡೆದು, ಎರಡನೆಯದನ್ನೂ ಅಡ್ಡವಾಗಿಯೇ ಇಟ್ಟ. ಹಿಂದಿನವರು ಅವನ ಹೆಜ್ಜೆಗೆ ತಮ್ಮ ಹೆಜ್ಜೆ ಸಣ್ಣದು ಮಾಡಿಕೊಂಡರು. ಯಾರೂ ದಾಟಲಿಲ್ಲ.